ಕಾಣೆಯಾದ ಮಕ್ಕಳು, ಸಿಕ್ಕ ಚಿಕ್ಕಪ್ಪ

ಲಂಡನ್ ಟವರಿನಲ್ಲಿ ನಮ್ಮ ಕಡೆಯವರು ಎಲ್ಲಿ ಸಿಗುತ್ತಾರೆಂದು ಕೇಳಬೇಕಿಲ್ಲ. ಕೊಹಿನೂರಿನ ಸಾಲಿಗೆ ಹೋದರೆ ಸಾಕು. ಕಿರೀಟಗಳ ಎದುರು ಯಾರೂ ನಿಂತು ದಾರಿ ಕಟ್ಟದಿರಲೆಂದು ಅಲ್ಲಿ ನೆಲವನ್ನೇ ಸರಿಯುವ ಪಟ್ಟಿ ಮಾಡಿಟ್ಟಿದ್ದಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡ ಅಜ್ಜಿ, ಎಲ್ಲರೂ ನಿಂತಲ್ಲೇ ಸಾಗುತ್ತಾ ಗಾಜಿನೊಳಗಿನ ಕಲ್ಲನ್ನು ನೋಡಿ, "ಇದೇನಾ?" ಎಂದು ಸ್ವಲ್ಪ ನಿರಾಸೆಯಿಂದಲೇ ಕೇಳಿ ಹೊರಗೆ ಬೀಳುತ್ತಾರೆ. ನಾನೂ ಹಾಗೇ ಹೊರಬಿದ್ದೆ. ಆ ವಜ್ರವನ್ನು 1849ರ ಲಾಹೋರ್ ಒಪ್ಪಂದದಲ್ಲಿ ಹತ್ತು ವರ್ಷದ ಮಹಾರಾಜ ದುಲೀಪ್ ಸಿಂಗನಿಂದ ಬರೆಸಿಕೊಂಡರು. ಕಾಗದವಿದೆ, ತಾರೀಖಿದೆ, ಕಿತ್ತುಕೊಂಡವರ ಹೆಸರಿದೆ. ಅದನ್ನು ನೆನೆದರೆ ಸಿಟ್ಟು ಬರುತ್ತದೆ. ನಿದ್ದೆಗೆಡಿಸುವಂಥ ಕುತೂಹಲ ಹುಟ್ಟುವುದಿಲ್ಲ.

ಕುತೂಹಲದವರು ಸೇರುವ ಜಾಗ ಅದೇ ಕೋಟೆಯ ಇನ್ನೊಂದು ಮಗ್ಗುಲಲ್ಲಿದೆ. ನದಿಯ ಕಡೆಯ ಟ್ರೇಟರ್ಸ್ ಗೇಟಿನ ಎದುರು ನಿಂತಿರುವುದು ಬ್ಲಡಿ ಟವರ್. ಮೊದಲು ಇದಕ್ಕೆ ಗಾರ್ಡನ್ ಟವರ್ ಎಂಬ ಸಾಧು ಹೆಸರಿತ್ತು. ರಕ್ತದ ಹೆಸರು ಅಂಟಿಕೊಂಡದ್ದು ಹದಿನಾರನೇ ಶತಮಾನದಲ್ಲಿ. ವಾಲ್ಟರ್ ರಾಲಿ ಇಲ್ಲಿ ಹದಿಮೂರು ವರ್ಷ ಸೆರೆಯಲ್ಲಿದ್ದು ಜಗತ್ತಿನ ಚರಿತ್ರೆ ಬರೆಯಲು ಕೂತವನು. ಪಾಪ, ಅವನ ಕೋಣೆಯಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲ್ಲರಿಗೂ ಬೇಕಾದದ್ದು ಆ ಇಬ್ಬರು ಹುಡುಗರ ಕಥೆ.

1483ರ ಏಪ್ರಿಲ್ 9ರಂದು ಇಂಗ್ಲೆಂಡಿನ ರಾಜ ನಾಲ್ಕನೇ ಎಡ್ವರ್ಡ್ ತೀರಿಕೊಂಡ. ಹಿರಿಯ ಮಗನಿಗೆ ಹನ್ನೆರಡು ವರ್ಷ. ಅವನೇ ಐದನೇ ಎಡ್ವರ್ಡ್. ಕಿರಿಯವನು ಒಂಬತ್ತರ ರಿಚರ್ಡ್. ಪಟ್ಟಕ್ಕೆಂದು ಹುಡುಗನನ್ನು ಲಂಡನ್ನಿಗೆ ಕರೆತರುತ್ತಿದ್ದವನು ಅವನ ಸೋದರಮಾವ. ದಾರಿಯಲ್ಲಿ ಚಿಕ್ಕಪ್ಪ, ಅಂದರೆ ಗ್ಲಾಸ್ಟರಿನ ಡ್ಯೂಕ್ ರಿಚರ್ಡ್, ಎದುರಾಗಿ ಸೋದರಮಾವನನ್ನು ಸೆರೆಹಿಡಿದು ಹುಡುಗನನ್ನು ತನ್ನ ವಶಕ್ಕೆ ತೆಗೆದುಕೊಂಡ. ತಾಯಿ ಎಲಿಜಬೆತ್ ವುಡ್‌ವಿಲ್ ಕಿರಿಯವನನ್ನೂ ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ವೆಸ್ಟ್‌ಮಿನ್‌ಸ್ಟರಿನ ಮಠದ ಆಶ್ರಯಕ್ಕೆ ಓಡಿದಳು. ಜೂನ್ 16ರಂದು ಕಿರಿಯವನನ್ನೂ ಅವಳಿಂದ ಕೇಳಿ ಪಡೆದು ಅಣ್ಣನ ಜೊತೆ ಟವರಿನಲ್ಲಿಟ್ಟರು. ಆಮೇಲೆ, ಸತ್ತ ರಾಜ ಮೊದಲೇ ಬೇರೊಬ್ಬಳಿಗೆ ಮದುವೆಯ ಮಾತು ಕೊಟ್ಟಿದ್ದ, ಆದ್ದರಿಂದ ಎಲಿಜಬೆತ್ ಜೊತೆಗಿನ ಮದುವೆಯೇ ಸಲ್ಲದು, ಮಕ್ಕಳಿಗೆ ಪಟ್ಟದ ಹಕ್ಕಿಲ್ಲ ಎಂಬ ಪುಕಾರು ಹಬ್ಬಿತು. ಜುಲೈ 6ರಂದು ಚಿಕ್ಕಪ್ಪನೇ ಮೂರನೇ ರಿಚರ್ಡ್ ಆಗಿ ಕಿರೀಟ ಇಟ್ಟುಕೊಂಡ. ಹುಡುಗರು ಮತ್ತೆ ಕಾಣಲಿಲ್ಲ.

ಕಾಣಲಿಲ್ಲ ಎಂಬುದಕ್ಕೂ ಒಬ್ಬ ಸಾಕ್ಷಿಯಿದ್ದಾನೆ. ಡೊಮೆನಿಕೊ ಮಂಚಿನಿ ಎಂಬ ಇಟಲಿಯವನು ಆ ಬೇಸಿಗೆಯಲ್ಲಿ ಲಂಡನ್ನಿನಲ್ಲಿದ್ದ. ಫ್ರಾನ್ಸಿಗೆ ಮರಳಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟ: ಹುಡುಗರನ್ನು ಕೋಟೆಯ ಒಳಒಳಕ್ಕೆ ಸಾಗಿಸಿದರು, ಕಂಬಿ ಕಿಟಕಿಗಳ ಹಿಂದೆ ಅವರು ಕಾಣುವುದು ದಿನದಿನಕ್ಕೂ ಕಡಿಮೆಯಾಗಿ ಕೊನೆಗೆ ನಿಂತೇಹೋಯಿತು, ಹಿರಿಯ ಹುಡುಗ ಸಾವು ಹತ್ತಿರವಿದೆ ಎಂದು ನಂಬಿ ದಿನವೂ ಪಾಪನಿವೇದನೆ ಮಾಡಿಕೊಳ್ಳುತ್ತಿದ್ದಾನೆಂದು ವೈದ್ಯ ಹೇಳಿದ, ಅವನ ಹೆಸರೆತ್ತಿದರೆ ಅಳುವ ಗಂಡಸರನ್ನು ಕಂಡೆ. ಕೊಂದರೋ, ಕೊಂದರೆ ಹೇಗೆ ಕೊಂದರೋ ತನಗೆ ತಿಳಿಯದು ಎಂದು ಅಲ್ಲಿಗೆ ನಿಲ್ಲಿಸುತ್ತಾನೆ. ಇಷ್ಟು ಪ್ರಾಮಾಣಿಕನಾದ ಸಾಕ್ಷಿ ಸಿಗುವುದು ಅಪರೂಪ. ಆ ಹಸ್ತಪ್ರತಿ ಫ್ರಾನ್ಸಿನ ಲೀಲ್ ಪಟ್ಟಣದ ಗ್ರಂಥಾಲಯದಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿದ್ದು, 1934ರಲ್ಲಿ ಪತ್ತೆಯಾಯಿತು.

ಇಂಥ ಕಥೆಗಳ ಸೆಳೆತಕ್ಕೆ ಒಂದು ಹದವಿದೆಯೆಂದು ನನಗೆ ಹೊಳೆದದ್ದು ಈ ಕೋಟೆಯಲ್ಲೇ. ಸಾಕ್ಷಿ ಏನೇನೂ ಇಲ್ಲದಿದ್ದರೆ ಜನ ಎರಡು ದಿನ ಮಾತಾಡಿ ಮರೆಯುತ್ತಾರೆ. ಪೂರ್ತಿ ಇದ್ದರೆ ಅದು ಬರೀ ಚರಿತ್ರೆ. ಮಂಚಿನಿಯ ಕಿಟಕಿಯಷ್ಟೇ ತೆರೆದಿದ್ದರೆ ಮಾತ್ರ ಐದು ಶತಮಾನ ಜನ ಅಲ್ಲಿ ಮೂಗು ಒತ್ತಿಕೊಂಡು ನಿಲ್ಲುತ್ತಾರೆ.

ಕೋಟೆಯ ನಡುವಿನ ವೈಟ್ ಟವರಿನ ದಕ್ಷಿಣ ಗೋಡೆಯ ಬಳಿ ಒಂದು ಫಲಕವಿದೆ. 1674ರಲ್ಲಿ ಅಲ್ಲಿದ್ದ ಮೆಟ್ಟಿಲ ಕಟ್ಟಡವನ್ನು ಕೆಡವುವಾಗ ಕೂಲಿಯವರಿಗೆ ಸುಮಾರು ಹತ್ತಡಿ ಆಳದಲ್ಲಿ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಎರಡು ಮಕ್ಕಳ ಎಲುಬು. ನೋಡಿದವರಿಗೆ ಮೈ ಜುಮ್ಮೆಂದಿರಬೇಕು. ಏಕೆಂದರೆ ಅದಕ್ಕೂ ನೂರೈವತ್ತು ವರ್ಷ ಹಿಂದೆಯೇ ಥಾಮಸ್ ಮೋರ್ ಬರೆದಿದ್ದ: ರಿಚರ್ಡನ ಆಜ್ಞೆಯಂತೆ ಸರ್ ಜೇಮ್ಸ್ ಟೈರೆಲ್ ಇಬ್ಬರು ಆಳುಗಳನ್ನು ಒಳಗೆ ಬಿಟ್ಟ, ಅವರು ಹಾಸಿಗೆ ದಿಂಬು ಒತ್ತಿ ಹುಡುಗರ ಉಸಿರು ನಿಲ್ಲಿಸಿದರು, ಮೆಟ್ಟಿಲ ಬುಡದಲ್ಲಿ ಆಳವಾಗಿ ಹೂತರು. ಎಲ್ಲರೂ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಮೋರ್ ಮಾತ್ರ ಮುಂದುವರಿದು, ಆಮೇಲೆ ಒಬ್ಬ ಪಾದ್ರಿ ಆ ದೇಹಗಳನ್ನು ತೆಗೆದು ಯಾರಿಗೂ ಗೊತ್ತಿಲ್ಲದ ಕಡೆ ಹೂತನೆಂದೂ ಬರೆದಿದ್ದಾನೆ. ಅಂದಮೇಲೆ ಮೆಟ್ಟಿಲ ಕೆಳಗೆ ಸಿಕ್ಕ ಎಲುಬು ಅವನ ಮಾತಿಗೆ ಸಾಕ್ಷಿಯೋ, ವಿರುದ್ಧ ಸಾಕ್ಷಿಯೋ?

ಆ ಎಲುಬುಗಳನ್ನು ನೋಡಲಾಗುವುದಿಲ್ಲ, ಅವಿರುವ ಪಾತ್ರೆಯನ್ನು ನೋಡಬಹುದು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಏಳನೇ ಹೆನ್ರಿಯ ಚಾಪೆಲ್ಲಿನ ಉತ್ತರದ ಓಣಿಗೆ ತಿರುಗಿದರೆ ಮೊದಲು ಸಿಗುವುದು ಒಂದನೇ ಎಲಿಜಬೆತ್ ರಾಣಿಯ ಸಮಾಧಿ. ಜೀವಮಾನವಿಡೀ ಜಗಳವಾಡಿದ ಅಕ್ಕ ಮೇರಿಯೂ ಅದೇ ಗುಂಡಿಯಲ್ಲಿದ್ದಾಳೆ. ಅದು ಬೇರೆ ಕಥೆ. ಗುಂಪು ಅಲ್ಲೇ ಮುಗಿಯುತ್ತದೆ. ಕೊನೆಯ ಮೂಲೆಗೆ ಬರುವವರು ಕೆಲವರೇ. ಆ ಮೂಲೆಗೆ ಮುಗ್ಧರ ಮೂಲೆ ಎಂದು ಹೆಸರು. ಒಂದನೇ ಜೇಮ್ಸನ ಇಬ್ಬರು ಎಳೆಯ ಹೆಣ್ಣುಮಕ್ಕಳ ಸಮಾಧಿಗಳು ಅಲ್ಲಿವೆ, ಒಂದಂತೂ ತೊಟ್ಟಿಲ ಆಕಾರದಲ್ಲೇ. ಗೋಡೆಗೆ ತಾಗಿ, ಕ್ರಿಸ್ಟೊಫರ್ ರೆನ್ ರೂಪಿಸಿದ ಬಿಳಿ ಅಮೃತಶಿಲೆಯ ಅಸ್ಥಿಪಾತ್ರೆ. ಇಮ್ಮಡಿ ಚಾರ್ಲ್ಸ್ 1678ರಲ್ಲಿ ಇಡಿಸಿದ್ದು. ಅದರ ಮೇಲಿನ ಲ್ಯಾಟಿನ್ ಬರಹದಲ್ಲಿ ಹುಡುಗರ ಹೆಸರಿದೆ, ಉಸಿರುಗಟ್ಟಿಸಿ ಕೊಂದ ವಿವರವಿದೆ, ಕೊಲ್ಲಿಸಿದವನು ವಂಚಕ ಚಿಕ್ಕಪ್ಪ ರಿಚರ್ಡ್ ಎಂದೂ ಇದೆ. ವಿಚಾರಣೆಯಿಲ್ಲದೆ ಕಲ್ಲಿನಲ್ಲಿ ಕೆತ್ತಿದ ತೀರ್ಪು!

ಪಾತ್ರೆಯನ್ನು ಒಮ್ಮೆ ಮಾತ್ರ ತೆರೆದರು, 1933ರಲ್ಲಿ. ಅಬೆಯ ಲಾರೆನ್ಸ್ ಟ್ಯಾನರ್ ಮತ್ತು ಶರೀರಶಾಸ್ತ್ರಜ್ಞ ವಿಲಿಯಂ ರೈಟ್ ಎಲುಬು ಹರಡಿ ಅಳೆದು, ವಯಸ್ಸು ರಾಜಕುಮಾರರ ವಯಸ್ಸಿಗೆ ಹೊಂದುತ್ತದೆ ಎಂದರು. ಪ್ರಾಣಿಗಳ ಮೂಳೆಯೂ ಬೆರೆತಿತ್ತು. ಗಂಡೋ ಹೆಣ್ಣೋ ಎಂಬುದನ್ನು ಅವರು ತೀರ್ಮಾನಿಸಲಿಲ್ಲ. ಯಾವ ಶತಮಾನದ್ದೆಂದು ಅಳೆಯುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ. ಈಗ ಎರಡೂ ಸಾಧ್ಯ. ಆದರೆ ಮತ್ತೆ ತೆರೆಯಲು ಬಂದ ಮನವಿಗಳಿಗೆಲ್ಲ ಇದುವರೆಗೆ ಸಿಕ್ಕ ಉತ್ತರ ಇಲ್ಲ ಎಂದೇ.

ಇಷ್ಟಾದರೂ, ಈ ಪ್ರಕರಣಕ್ಕೆ ಆಯುಷ್ಯವನ್ನೇ ಒಪ್ಪಿಸಿದವರನ್ನು ವಿಚಾರಿಸಿದರೆ, ಬಹುಪಾಲು ಜನ ಈ ಮೂಲೆಯಿಂದ ಒಳಗೆ ಬಂದವರಲ್ಲ. ಅವರು ಬಂದ ಬಾಗಿಲು ಟ್ರಫಾಲ್ಗರ್ ಚೌಕದ ಪಕ್ಕದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅಲ್ಲೊಂದು ಪಟ. ಕಪ್ಪು ಟೊಪ್ಪಿ, ಬಿಗಿದ ತುಟಿ, ಏನನ್ನೋ ನುಂಗಿಕೊಂಡಂಥ ಕಣ್ಣು, ಕಿರುಬೆರಳಿನ ಉಂಗುರದೊಂದಿಗೆ ಆಡುತ್ತಿರುವ ಕೈ. ಮೂರನೇ ರಿಚರ್ಡ್. 1951ರಲ್ಲಿ ಜೋಸೆಫಿನ್ ಟೇ ಬರೆದ 'ದಿ ಡಾಟರ್ ಆಫ್ ಟೈಮ್' ಕಾದಂಬರಿಯಲ್ಲಿ, ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ ಪೊಲೀಸ್ ಇನ್ಸ್‌ಪೆಕ್ಟರ್ ಅಲನ್ ಗ್ರಾಂಟನ ಕೈಗೆ ಈ ಪಟದ ಪ್ರತಿ ಸಿಗುತ್ತದೆ. ಮುಖ ನೋಡಿ ಮನುಷ್ಯನನ್ನು ಅಳೆಯಬಲ್ಲೆ ಎಂಬ ಜಂಬದವನು ಅವನು. ಇವನು ಕೊಲೆಗಾರನಲ್ಲ, ನ್ಯಾಯಾಧೀಶನ ಪೀಠದವನು ಎನ್ನಿಸುತ್ತದೆ. ಅಲ್ಲಿಂದ ಹಾಸಿಗೆಯಲ್ಲೇ ಮಲಗಿ ಪುಸ್ತಕ ತರಿಸಿ ತರಿಸಿ ತನಿಖೆ ಮಾಡುತ್ತಾನೆ. ಮೋರನ ಮಾತಿಗೆ ಏನು ಬೆಲೆ? ರಿಚರ್ಡ್ ಸತ್ತಾಗ ಅವನಿನ್ನೂ ಚಿಕ್ಕ ಹುಡುಗ. ಬೆಳೆದದ್ದು ರಿಚರ್ಡನ ಕಡುವೈರಿ ಮಾರ್ಟನ್ನನ ಮನೆಯಲ್ಲಿ. ಗ್ರಾಂಟನ ಬೆರಳು ಕೊನೆಗೆ ತೋರುವುದು ರಿಚರ್ಡನನ್ನು ಸೋಲಿಸಿ ಪಟ್ಟವೇರಿದ ಏಳನೇ ಹೆನ್ರಿಯ ಕಡೆಗೆ. 1990ರಲ್ಲಿ ಬ್ರಿಟನ್ನಿನ ಪತ್ತೇದಾರಿ ಲೇಖಕರ ಸಂಘ ಸಾರ್ವಕಾಲಿಕ ನೂರು ಪತ್ತೇದಾರಿ ಕಾದಂಬರಿಗಳನ್ನು ಆರಿಸಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ.

ಪಟದ ಮುಂದೆ ನಿಂತಾಗ ನನಗೆ ಕೊಲೆಗಾರನೂ ಕಾಣಲಿಲ್ಲ, ನ್ಯಾಯಾಧೀಶನೂ ಕಾಣಲಿಲ್ಲ. ಹೊಟ್ಟೆನೋವಿನ ಗುಮಾಸ್ತನಂತೆ ಕಂಡ. ಈ ಚಿತ್ರ ಬರೆದದ್ದು ಅವನು ಸತ್ತ ಸುಮಾರು ನೂರು ವರ್ಷದ ಮೇಲೆ, ಬರೆದವನ ಹೆಸರೂ ತಿಳಿದಿಲ್ಲ. ರಾಜಮನೆತನದ ಸಂಗ್ರಹದಲ್ಲಿರುವ ಇನ್ನೊಂದು ಚಿತ್ರವನ್ನು 1973ರಲ್ಲಿ ಎಕ್ಸ್‌ರೇ ಮಾಡಿದಾಗ, ಹೆಗಲನ್ನು ಆಮೇಲೆ ತಿದ್ದಿ ಏರಿಸಿದ್ದು ಬೆಳಕಿಗೆ ಬಂತು. ಕಣ್ಣೆದುರೇ ತಿದ್ದಿದ ಸಾಕ್ಷಿ! ಒಬ್ಬನ ಬೆನ್ನ ಮೇಲೆ ಬೇಕಂತಲೇ ಗೂನು ಹೊರಿಸಿದವರು ಕೊಲೆಯನ್ನೂ ಹೊರಿಸಿರಲಾರರೇ? ಕುತೂಹಲ ಜೀವನಪರ್ಯಂತದ ಗೀಳಾಗುವ ತಿರುವು ಇದೇ ಇರಬೇಕು. ಕೊಲೆಗಾರ ಯಾರು ಎಂದು ಕೇಳುತ್ತಿದ್ದವರು ಈ ಮನುಷ್ಯನಿಗೆ ಅನ್ಯಾಯವಾಗಿದೆ ಎನ್ನತೊಡಗುತ್ತಾರೆ. ಪತ್ತೇದಾರನಾಗಿ ಒಳಗೆ ಹೋದವನು ವಕೀಲನಾಗಿ ಹೊರಬರುತ್ತಾನೆ. ಪತ್ತೇದಾರನ ಕೆಲಸಕ್ಕೆ ಕೊನೆಯಿದೆ, ಸತ್ತವನ ವಕಾಲತ್ತಿಗೆ ಎಲ್ಲಿದೆ?

ಈ ವಕಾಲತ್ತೂ ಟೇಯಿಂದ ಶುರುವಾದದ್ದಲ್ಲ. 1619ರಲ್ಲಿ ಜಾರ್ಜ್ ಬಕ್, 1768ರಲ್ಲಿ ಹೊರೇಸ್ ವಾಲ್ಪೋಲ್ ರಿಚರ್ಡನ ಪರ ಬರೆದರು. 1924ರಲ್ಲಿ ಲಿವರ್‌ಪೂಲಿನ ಶಸ್ತ್ರವೈದ್ಯ ಸ್ಯಾಕ್ಸನ್ ಬಾರ್ಟನ್ ಗೆಳೆಯರೊಂದಿಗೆ ಕಟ್ಟಿದ ಬಿಳಿ ಹಂದಿಯ ಬಳಗ ಇವತ್ತಿನ ರಿಚರ್ಡ್ III ಸೊಸೈಟಿ. ಬಿಳಿ ಕಾಡುಹಂದಿ ರಿಚರ್ಡನ ಲಾಂಛನ. ಬರೀ ಅಭಿಮಾನಿಗಳ ಗುಂಪೆಂದು ನಗುವಂತಿಲ್ಲ. ರಿಚರ್ಡನ ಕಾಲದ ದಫ್ತರದ ಪುಸ್ತಕವನ್ನು ಸಂಪಾದಿಸಿ ಸಂಪುಟಗಳಾಗಿ ಅಚ್ಚು ಹಾಕಿಸಿದವರು ಇವರು. ಸ್ವಂತ ಸಂಶೋಧನಾ ಪತ್ರಿಕೆ ನಡೆಸುವವರು. 1984ರಲ್ಲಿ ಟೀವಿಯಲ್ಲಿ ನಿಜವಾದ ವಕೀಲರನ್ನಿಟ್ಟು ಅವನ ಮೇಲೆ ಅಣಕು ಮೊಕದ್ದಮೆ ನಡೆದಾಗ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಆ ಗೆಲುವಿನಿಂದ ಏನೂ ಬದಲಾಗಲಿಲ್ಲ, ಪಠ್ಯಪುಸ್ತಕವಂತೂ ಬದಲಾಗಲಿಲ್ಲ.

ಸೇಂಟ್ ಪ್ಯಾಂಕ್ರಾಸ್‌ನಿಂದ ರೈಲು ಹತ್ತಿದರೆ ಒಂದು ಗಂಟೆ ಚಿಲ್ಲರೆಗೆ ಲೆಸ್ಟರ್. ಉಗಾಂಡಾದಿಂದ 1972ರಲ್ಲಿ ಹೊರಹಾಕಲ್ಪಟ್ಟ ಗುಜರಾತಿಗಳು ನೆಲೆಯೂರಿದ ಊರು. ಬೆಲ್‌ಗ್ರೇವ್ ರಸ್ತೆಯಲ್ಲಿ ಸೀರೆ, ಚಿನ್ನ, ಫರಸಾಣದ ಅಂಗಡಿಗಳ ನಡುವೆ ನಡೆದರೆ ಇಂಗ್ಲೆಂಡ್ ಮರೆತುಹೋಗುತ್ತದೆ. ಢೋಕ್ಲಾ ತಿಂದು ಕೈ ತೊಳೆದು ಮಧ್ಯಯುಗಕ್ಕೆ ಹೊರಟೆ.

1485ರ ಆಗಸ್ಟ್ 22ರಂದು ಊರ ಪಶ್ಚಿಮದ ಬಾಸ್‌ವರ್ತ್ ಬಯಲಿನಲ್ಲಿ ರಿಚರ್ಡ್ ಸತ್ತ. ಆಗ ಅವನಿಗೆ ಮೂವತ್ತೆರಡು ವರ್ಷ. ಬೆತ್ತಲೆ ಹೆಣವನ್ನು ಕುದುರೆಯ ಮೇಲೆ ಅಡ್ಡ ಹಾಕಿ ಲೆಸ್ಟರಿಗೆ ತಂದರು, ಗ್ರೇಫ್ರಯರ್ಸ್ ಮಠದಲ್ಲಿ ಮಣ್ಣು ಮಾಡಿದರು. ಮುಂದೆ ಮಠ ಬಿದ್ದುಹೋಯಿತು, ಎಲುಬನ್ನು ಹೊಳೆಗೆಸೆದರೆಂಬ ಸುದ್ದಿ ಗಟ್ಟಿಯಾಯಿತು. ಸೊಸೈಟಿಯ ಸದಸ್ಯೆ, ಎಡಿನ್‌ಬರಾದ ಚಿತ್ರಕಥೆಗಾರ್ತಿ ಫಿಲಿಪ್ಪಾ ಲ್ಯಾಂಗ್ಲಿ 2004ರಲ್ಲಿ ಇಲ್ಲಿನ ಕಾರ್ ಪಾರ್ಕಿಂಗ್ ಜಾಗವೊಂದರಲ್ಲಿ ನಿಂತಾಗ, ಇಲ್ಲೇ ಇದ್ದಾನೆ ಎಂದು ಮೈ ನಡುಗಿತಂತೆ. ನನಗೆ ಇಂಥ ಮಾತಿನಲ್ಲಿ ನಂಬಿಕೆ ಕಡಿಮೆ. ಆದರೆ ಅವರು ಆ ನಡುಕವನ್ನು ನಂಬಿ ಸುಮ್ಮನೆ ಕೂರಲಿಲ್ಲ. ನಗರಸಭೆ, ವಿಶ್ವವಿದ್ಯಾಲಯ, ಟೀವಿಯವರು ಎಂದು ವರ್ಷಗಟ್ಟಲೆ ಅಲೆದರು. ಕೊನೆ ಗಳಿಗೆಯಲ್ಲಿ ಹಣ ಸಾಲದಾದಾಗ ದೇಶದೇಶಗಳ ಸದಸ್ಯರು ಚಂದಾ ಕಳಿಸಿದರು. 2012ರ ಆಗಸ್ಟ್ 25ರಂದು ಅಗೆತ ಶುರುವಾಯಿತು. ಮೊದಲ ದಿನವೇ, ಮೊದಲ ಕಂದಕದಲ್ಲೇ ಕಾಲಿನ ಎಲುಬು ಸಿಕ್ಕಿತು.

ಈಗ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಗುಂಡಿಯ ಮೇಲೆ ಗಾಜಿನ ನೆಲ. ಅಸ್ಥಿಪಂಜರ ಬಿದ್ದಿದ್ದ ರೀತಿಯನ್ನು ಬೆಳಕಿನಲ್ಲಿ ತೋರಿಸುತ್ತಾರೆ. ಗುಂಡಿ ಅವನ ಉದ್ದಕ್ಕೆ ಸಾಲದೆ ತಲೆ ಎತ್ತಿಕೊಂಡೇ ಇದೆ. ಅವಸರದಲ್ಲಿ ತೋಡಿದವರ ಕೆಲಸ. ಪಾದಗಳಿಲ್ಲ. ತಲೆಬುರುಡೆಯಲ್ಲೇ ಒಂಬತ್ತು ಗಾಯ. ಹೊಟ್ಟೆಯಿದ್ದ ಜಾಗದ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳೂ ಸಿಕ್ಕವು. ರಿಚರ್ಡನ ಅಕ್ಕ ಆ್ಯನಳ ಹೆಣ್ಣುಸಂತತಿಯ ಎಳೆಯನ್ನು ಜಾನ್ ಆ್ಯಶ್‌ಡೌನ್-ಹಿಲ್ ಎಂಬ ಇತಿಹಾಸಕಾರ ಕೆನಡಾದವರೆಗೆ ಹಿಂಬಾಲಿಸಿದ್ದ. ಆ ಎಳೆಯ ಕೊನೆಯಲ್ಲಿದ್ದ ಮೈಕಲ್ ಇಬ್ಸನ್ ಲಂಡನ್ನಿನಲ್ಲಿ ಮರಗೆಲಸ ಮಾಡುವವರು. ಅವರ ಡಿಎನ್‌ಎ ಹೊಂದಿತು. ಮುಂದೆ ರಿಚರ್ಡನ ಶವಪೆಟ್ಟಿಗೆಯನ್ನು ಮಾಡಿಕೊಟ್ಟವರೂ ಅವರೇ. ಕಾದಂಬರಿಕಾರ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆನ್ನುಮೂಳೆ. ಗೂನು ಎಂಬುದು ವೈರಿಗಳು ಕಟ್ಟಿದ ಸುಳ್ಳು ಎಂದು ಅವನ ವಕೀಲರು ತಲೆಮಾರುಗಳಿಂದ ವಾದಿಸುತ್ತಾ ಬಂದಿದ್ದರು. ತಿದ್ದಿದ ಪಟವೇ ಅವರ ದೊಡ್ಡ ಸಾಕ್ಷಿಯಾಗಿತ್ತು. ಅಷ್ಟು ಪ್ರೀತಿಯಿಂದ ಹುಡುಕಿ ತೆಗೆದವನ ಬೆನ್ನುಮೂಳೆ ಹಾವಿನಂತೆ ಡೊಂಕಾಗಿತ್ತು. ಪೂರ್ತಿ ಗೂನಲ್ಲ, ಕೈ ಸೊಟ್ಟಗಿರಲಿಲ್ಲ, ಬಟ್ಟೆ ತೊಟ್ಟರೆ ಒಂದು ಹೆಗಲು ತುಸು ಮೇಲೆ ಕಾಣುತ್ತಿತ್ತು, ಅಷ್ಟೇ. ಆದರೂ ವೈರಿಗಳು ಬರೆದದ್ದರಲ್ಲಿ ಒಂದು ಮಾತು ಬುಡಸಮೇತ ಸುಳ್ಳಲ್ಲ ಎಂದಾಯಿತು. ಒಂದು ನಿಜವಾದರೆ ಇನ್ನೊಂದು? ಎಲುಬು ಅವನ ಸಾವಿನ ಬಗ್ಗೆ ಬೇಕಾದಷ್ಟು ಹೇಳಿತು. ಹುಡುಗರ ಬಗ್ಗೆ ತುಟಿ ಬಿಚ್ಚಲಿಲ್ಲ.

ರಸ್ತೆ ದಾಟಿದರೆ ಕೆಥೆಡ್ರಲ್. 2015ರ ಮಾರ್ಚ್ 26ರಂದು ಅವನನ್ನು ಇಲ್ಲಿ ಮತ್ತೆ ಮಣ್ಣು ಮಾಡಿದರು, ಅದೂ ಅವನು ಯಾರ್ಕಿಗೆ ಸೇರಬೇಕು ಎಂದು ಕೋರ್ಟಿಗೆ ಹೋದವರು ಸೋತ ಮೇಲೆ. ಮಂಕು ಬಿಳುಪಿನ ದೊಡ್ಡ ಕಲ್ಲು, ಅದರಲ್ಲಿ ಆಳವಾಗಿ ಕೊರೆದ ಶಿಲುಬೆ. ಅಲ್ಲಿ ಬಂದವರಿಗೆ ವಿವರಿಸಲು ನಿಂತಿದ್ದ ಸ್ವಯಂಸೇವಕಿ ಎಪ್ಪತ್ತು ದಾಟಿದವರು, ಕೋಟಿನ ಮೇಲೆ ಪುಟ್ಟ ಬಿಳಿ ಹಂದಿಯ ಪಿನ್. ದಾದಿಯಾಗಿ ದುಡಿದು ನಿವೃತ್ತರಾದವರಂತೆ. ಹೇಗೆ ಶುರುವಾಯಿತು ಎಂದು ಕೇಳಿದೆ. ರಾತ್ರಿ ಪಾಳಿಯಲ್ಲಿ ರೋಗಿಯೊಬ್ಬರು ಬಿಟ್ಟುಹೋದ ಟೇ ಕಾದಂಬರಿ ಓದಿದ್ದು, ಆಮೇಲೆ ಗ್ರಂಥಾಲಯ, ಆಮೇಲೆ ಸದಸ್ಯತ್ವ. ನಿವೃತ್ತಿಯಾದ ಮೇಲೆ ಹದಿನೈದನೇ ಶತಮಾನದ ಕೈಬರಹ ಓದಲು ಕಲಿತರು. ಈಗ ಲ್ಯಾಟಿನ್. "ಗಂಡ ಗಾಲ್ಫ್ ಆಡುತ್ತಿದ್ದರು. ಅದಕ್ಕಿಂತ ಇದು ಅಗ್ಗ" ಎಂದು ನಕ್ಕರು.

ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟೆ. ಇಲ್ಲಿ ಆಪಾದಿತನಿಗೆ ಪ್ರತಿಮೆಯಿದೆ, ವಸ್ತುಸಂಗ್ರಹಾಲಯವಿದೆ, ಸಮಾಧಿಯ ಹತ್ತಿರ ಹೂವಿದೆ. ಆ ಹುಡುಗರಿಗಿರುವುದು ಮೂಲೆಯ ಒಂದು ಪಾತ್ರೆ, ಅದೂ ಅವರದೇ ಹೌದೋ ಅಲ್ಲವೋ. ಎಲ್ಲರೂ ಚಿಕ್ಕಪ್ಪನ ವಕಾಲತ್ತು ಹಿಡಿದರೆ ಮಕ್ಕಳ ಪರ ಮಾತಾಡುವವರು ಯಾರು? ಒಬ್ಬನ ವಶದಲ್ಲಿದ್ದವರು ಕಾಣೆಯಾದರೆ ಮೊದಲು ಉತ್ತರ ಹೇಳಬೇಕಾದವನು ವಶದಲ್ಲಿಟ್ಟುಕೊಂಡವನೇ. ಲಾಕಪ್ಪಿನ ಸುದ್ದಿ ಓದಿ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹುಡುಗರು ಬದುಕಿದ್ದರೆ ಅವರನ್ನು ಕರೆತಂದು ಜನರೆದುರು ನಿಲ್ಲಿಸಿದ್ದರೆ ಸಾಕಿತ್ತು, ಗುಸುಗುಸು ನಿಲ್ಲುತ್ತಿತ್ತು. ಅವನು ನಿಲ್ಲಿಸಲಿಲ್ಲ.

ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಎಷ್ಟೋ ಸಲ ಕೇಳಿದ ಮಾತು. "ಅವರು ಅಲ್ಲಿ ಸತ್ತರೆಂದು ನಿಮಗೆ ಹೇಳಿದವರು ಯಾರು?" ಎಂದರು.

ಲ್ಯಾಂಗ್ಲಿ ಈಗ ಹಿಡಿದಿರುವುದು ಈ ದಾರಿಯನ್ನೇ. ಲೀಲ್ ಪಟ್ಟಣದ ದಾಖಲೆಗಳಲ್ಲಿ 1487ರ ಒಂದು ಆಯುಧ ರಸೀದಿ ಸಿಕ್ಕಿದೆ: ಎಡ್ವರ್ಡ್ ರಾಜನ ಮಗನ ಸೇವೆಗೆಂದು, ಅವನ ಸೋದರತ್ತೆ ಮಾರ್ಗರೆಟಳ ಪರವಾಗಿ ಪಡೆದದ್ದು. ನೆದರ್ಲೆಂಡ್ಸಿನ ಇನ್ನೊಂದು ಹಸ್ತಪ್ರತಿಯಲ್ಲಿ, ಕಿರಿಯವನೇ ತಾನು ಟವರಿನಿಂದ ಪಾರಾದ ಬಗೆಯನ್ನು ಹೇಳಿಕೊಂಡಂತಿದೆ. 2023ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಆ ಕಾಲದಲ್ಲಿ ನಾನೇ ರಾಜಕುಮಾರ ಎಂದು ಎದ್ದ ಇಬ್ಬರು ವೇಷಧಾರಿಗಳು ಚರಿತ್ರೆಗೆ ಮೊದಲೇ ಗೊತ್ತು. ಅವರ ಪರದ ಕಾಗದ ಸಿಕ್ಕಿದ ಮಾತ್ರಕ್ಕೆ ಅವರು ಅಸಲಿಯಾಗುವುದಿಲ್ಲ ಎಂದು ಬಹಳಷ್ಟು ಇತಿಹಾಸಕಾರರು ತಲೆಯಾಡಿಸಿದರು. ನನಗೂ ಹಾಗೇ ಅನ್ನಿಸುತ್ತದೆ. ಮರುವರ್ಷವೇ ಎದುರು ಪಕ್ಷದ ಕಾಗದ ಬಂತು. ಟೈರೆಲ್‌ನ ಸಂಬಂಧಿ ಮಾರ್ಗರೆಟ್ ಕೇಪೆಲ್ ಎಂಬ ಹೆಂಗಸು 1516ರಲ್ಲಿ ಬರೆಸಿದ ಉಯಿಲಿನಲ್ಲಿ, ಐದನೇ ಎಡ್ವರ್ಡ್ ರಾಜನದಾಗಿದ್ದ ಸರವನ್ನು ಮಗನಿಗೆ ಬಿಟ್ಟಿದ್ದಾಳೆ. ಕಾಣೆಯಾದ ಹುಡುಗನ ಕೊರಳ ಸರ ಕೊಲೆಗಾರನೆನಿಸಿಕೊಂಡವನ ನೆಂಟರ ಪೆಟ್ಟಿಗೆಗೆ ಬಂದದ್ದು ಹೇಗೆ?

ಸ್ವಯಂಸೇವಕಿಯ ಎದುರು ಈ ಸರದ ವಿಷಯ ತೆಗೆದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೇಪೆಲ್ ಮನೆಯವರು ಲಂಡನ್ನಿನ ದೊಡ್ಡ ವ್ಯಾಪಾರಿಗಳು, ಸರ ಎಷ್ಟು ಕೈ ದಾಟಿ ಬಂದಿತೋ ಎಂದರು. ಅಷ್ಟಕ್ಕೇ ಬಿಡದೆ, "ತಾಯಿಯ ಮಾತು ಹೇಳಿ. 1484ರ ಮಾರ್ಚಿನಲ್ಲಿ ಎಲಿಜಬೆತ್ ಆಶ್ರಯ ಬಿಟ್ಟು ಹೊರಬಂದು ಹೆಣ್ಣುಮಕ್ಕಳನ್ನು ರಿಚರ್ಡನ ಕೈಗೆ ಒಪ್ಪಿಸಿದಳು. ಗಂಡುಮಕ್ಕಳನ್ನು ಕೊಂದವನ ಕೈಗೆ ಯಾವ ತಾಯಿ ಹಾಗೆ ಒಪ್ಪಿಸುತ್ತಾಳೆ?" ಎಂದು ಕೇಳಿದರು.

ಬೇರೆ ದಾರಿಯಿಲ್ಲದ ತಾಯಿ, ಎಂದೆ ನಾನು. ಕಟ್ಟಿಕೊಡಬೇಕಾದ ಐವರು ಹೆಣ್ಣುಮಕ್ಕಳು, ಕೈಯಲ್ಲಿ ಕಾಸಿಲ್ಲ, ಅಬೆಯವರಾದರೂ ಎಷ್ಟು ದಿನ ಇಟ್ಟುಕೊಂಡಾರು? ಮಕ್ಕಳಿಗೆ ಹಾನಿ ಮಾಡುವುದಿಲ್ಲವೆಂದು ಅವನಿಂದ ಸಾರ್ವಜನಿಕವಾಗಿ ಆಣೆ ಹಾಕಿಸಿಕೊಂಡ ಮೇಲೇ ಅವಳು ಹೊರಬಂದದ್ದು. ನಂಬಬಹುದಾದವನಿಂದ ಯಾರೂ ಅಂಥ ಆಣೆ ಕೇಳುವುದಿಲ್ಲ.

"ಒಳ್ಳೆಯ ವಾದ" ಎಂದು ಅವರು ಒಪ್ಪಿಕೊಂಡರು, ಶಾಲೆಯ ಹುಡುಗನಿಗೆ ಭೇಷ್ ಎಂದಂತೆ. ಆಮೇಲೆ ಪಕ್ಕದ ಬೆಂಚಿನ ಮೇಲೆ ಕೂತು, ನನ್ನನ್ನೂ ಕೂರಲು ಹೇಳಿ, ಬೆರಳು ಮಡಚತೊಡಗಿದರು. "ಸರಿ, ಟೈರೆಲ್ಲನ್ನೇ ತೆಗೆದುಕೊಳ್ಳೋಣ. ಏಳನೇ ಹೆನ್ರಿ ಅವನಿಗೆ 1486ರ ಜೂನಿನಲ್ಲಿ ಕ್ಷಮಾದಾನ ಕೊಟ್ಟ. ಒಂದೇ ತಿಂಗಳಿಗೆ, ಜುಲೈನಲ್ಲಿ, ಮತ್ತೊಮ್ಮೆ ಕ್ಷಮಾದಾನ ಕೊಟ್ಟ. ಆ ಎರಡನೆಯದು ಯಾತಕ್ಕೆ ಬೇಕಾಯಿತು, ನೀವೇ ಹೇಳಿ ನೋಡೋಣ?"